ಯಾರು ಓಡಿಸಬೇಕು ಎನ್ನುವಲ್ಲಿ ನಿಂತುಹೋದ ಪ್ರವಾಸ

೧

ಪ್ರವಾಸದ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಕಾರು ಹೊರಟ ಮೇಲೆ ಶುರು ಮಾಡಿದರೆ ಇವರು ಯಾರು, ಯಾಕೆ ಹೊರಟರು ಎಂದು ಹಿಂದಕ್ಕೆ ಹೋಗಿ ಹೇಳಬೇಕು; ಹೊರಟ ಗಾಡಿಯನ್ನು ರಿವರ್ಸ್ ತೆಗೆಸಿದ ಹಾಗೆ. ಹೊರಡುವ ಮುಂಚೆ ಶುರು ಮಾಡಿದರೆ ಅದು ಪ್ರವಾಸದ ಕಥೆಯಲ್ಲ, ಬ್ಯಾಗು ತುಂಬುವ ಕಥೆ. ತಲುಪಿದ ಮೇಲೆ ಶುರು ಮಾಡಿದರೆ ನೀವು ಫೋಟೊ ಕೇಳುತ್ತೀರಿ.

ವಾರಾಂತ್ಯ ವಿಶೇಷಾಂಕದ ಸಂಪಾದಕಿ ಫೋನಿನಲ್ಲಿ ಹೇಳಿದ್ದು ಸ್ಪಷ್ಟವಾಗಿಯೇ ಇತ್ತು. "ಲೈಟಾಗಿರ್ಲಿ ಸಾರ್. ಗಂಡ ಹೆಂಡ್ತಿ, ಒಂದು ಕಾರು, ಸಿಟಿ ಗಲಾಟೆ ಬಿಟ್ಟು ಹಳ್ಳಿ ಕಡೆ ಎರಡು ದಿನ. ಓದಿದವರಿಗೆ ರಿಲ್ಯಾಕ್ಸ್ ಆಗ್ಬೇಕು. ಹೋದ ಸಲದ ಥರ ಬೇಡ. ನಿಮ್ಮ ಕಥೆ ತಿದ್ದಿದ ಮೇಲೆ ನಮ್ಮ ಪ್ರೂಫ್ ರೀಡರ್ ಎರಡು ದಿನ ರಜ ಹಾಕಿದ್ರು."

ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಕೇಳಲಿಲ್ಲ. (ಕೇಳಿದ್ದರೆ ಹೇಳಿಬಿಡುತ್ತಿದ್ದರು.)

ಮೊದಲ ಕರಡಿನ ಮೊದಲ ವಾಕ್ಯ: "ಹಕ್ಕಿಗಳ ಚಿಲಿಪಿಲಿಯ ನಡುವೆ ಕಾರು ಹಸಿರಿನ ಮಡಿಲಿಗೆ ಜಾರಿತು." ಹೊಡೆದು ಹಾಕಿದೆ. ಕಾರು ಹಾಗೆಲ್ಲ ಜಾರಿದರೆ ಪೊಲೀಸರಿಗೆ ಫೋನು ಮಾಡಬೇಕಾಗುತ್ತದೆ. ಎರಡನೆಯ ಕರಡಿನಲ್ಲಿ ಗಂಡ ಹೆಂಡತಿಯನ್ನು ಒಂದು ಗುಡ್ಡ ಹತ್ತಿಸಿದೆ. ಮೋಡ ಬಂತು. ಕೈ ಕೈ ಹಿಡಿದುಕೊಂಡು ಮೋಡ ನೋಡಿದರು. ಆಮೇಲೆ ಏನು ಮಾಡಬೇಕೆಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು ಮೂವರೂ ಕೆಳಗಿಳಿದೆವು.

೨

ಮೂರನೆಯ ಕರಡಿಗೆ ಬರುವ ಹೊತ್ತಿಗೆ ಬುದ್ಧಿ ಬಂದಿತ್ತು: ಇಬ್ಬರಿಗೂ ಒಂದೊಂದು ಕೆಲಸ ಕೊಡಬೇಕು, ಕೆಲಸವಿಲ್ಲದವರು ಮೋಡ ನೋಡುತ್ತಾ ನಿಂತುಬಿಡುತ್ತಾರೆ.

ನನಗೆ ಕಾರು ಓಡಿಸಲು ಬರುವುದಿಲ್ಲ. ಆದ್ದರಿಂದ ಗಂಡನನ್ನು ಕಾರು ಮೆಕ್ಯಾನಿಕ್ ಮಾಡಿದೆ; ದಾರಿಯಲ್ಲಿ ಏನಾದರೂ ಕೆಟ್ಟರೆ ನನ್ನ ಮುಖ ನೋಡಬಾರದು. ಹೆಂಡತಿಯನ್ನು ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನಲ್ಲಿ ಕೂರಿಸಿದೆ. ಎಲ್ಲಾದರೂ ಒಂದು ಕಡೆ "ಮೌನ" ಎಂಬ ಪದ ಹಾಕುವ ಆಸೆ ನನಗೆ. ಅವಳಿದ್ದರೆ ಅದು ಸಲೀಸು ಎಂದುಕೊಂಡೆ. ಮದುವೆಯಾಗಿ ಹತ್ತೊಂಬತ್ತು ವರ್ಷ ಎಂದು ಬರೆದೆ. ಇಪ್ಪತ್ತು ಎಂದರೆ ವಾರ್ಷಿಕೋತ್ಸವ ಮಾಡಿಸಬೇಕಾಗುತ್ತಿತ್ತು.

ಅವನ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗ. ಪಕ್ಕದ ಗ್ಯಾರೇಜಿನವನು ಗಾಡಿಗೆ ವೈರು ಚುಚ್ಚಿ ಕಂಪ್ಯೂಟರಿನಲ್ಲಿ ರೋಗ ನೋಡುತ್ತಾನೆ. ನಮ್ಮವನು ಬಾನೆಟ್ಟನ್ನು ತಕ್ಷಣ ಎತ್ತುವುದೂ ಇಲ್ಲ. "ಸ್ಟಾರ್ಟ್ ಮಾಡಿ" ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲುತ್ತಾನೆ. ಎರಡು ನಿಮಿಷ. ಆಮೇಲೆ ಕಣ್ಣು ತೆರೆದು "ಮೂರನೇ ಟ್ಯಾಪೆಟ್" ಎನ್ನುತ್ತಾನೆ. ಎಂಜಿನ್ ಬಿಚ್ಚಿ ನೋಡಿದರೆ ಸಡಿಲವಾಗಿರುವುದು ಮೂರನೆಯದೇ. ಊರಿಗೆಲ್ಲ ಅವನ ಹೆಸರೇ ಕಿವಿ. "ಅಲ್ಲಿ ಇಲ್ಲಿ ಯಾಕೆ ಸುತ್ತುತ್ತೀಯ, ಕಿವಿ ಹತ್ರ ತಗೊಂಡು ಹೋಗು."

ಅವಳ ಕೋಣೆಗೆ ನಾಲ್ಕೂ ಗೋಡೆಗೆ ದಪ್ಪ ಸ್ಪಂಜು. ಒಂದು ಗಾಜಿನ ಕಿಟಕಿ. ಒಳಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರು ಕೂರುತ್ತಾರೆ, ಹೊರಗಿನಿಂದ ಅವಳು ಒಂದೊಂದೇ ಸದ್ದು ಕಳಿಸುತ್ತಾಳೆ. ಕೇಳಿಸಿದರೆ ಅವರು ಬಟನ್ ಒತ್ತಬೇಕು. ಅಷ್ಟೇ. ಒತ್ತಿದ ಕಡೆಯೆಲ್ಲ ಗ್ರಾಫಿನಲ್ಲಿ ಒಂದೊಂದು ಗುರುತು.

ಗಂಡನೂ ಕಿವಿ, ಹೆಂಡತಿಯೂ ಕಿವಿ. ಎಂಥಾ ಜೋಡಣೆ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಇವರಿಬ್ಬರನ್ನು ಒಂದೇ ಕಾರಿನಲ್ಲಿ ಕೂರಿಸಿದರೆ ಏನಾಗಬಹುದು ಎಂದು ಯೋಚಿಸಿರಲಿಲ್ಲ. (ಯೋಚಿಸಿ ಬರೆಯುವ ಅಭ್ಯಾಸವಿದ್ದಿದ್ದರೆ ನಾನು ಸಂಪಾದಕನಾಗಿರುತ್ತಿದ್ದೆ.)

೩

ಶನಿವಾರ ಮಧ್ಯಾಹ್ನ. ಊಟದ ಮೇಜಿನ ಮೇಲೆ ನಕ್ಷೆ, ಪೆನ್ನು, ಮೂರು ಲೋಟ ಚಹಾ. ಮೂರನೆಯ ಲೋಟ ಹೆಂಡತಿಯ ತಮ್ಮನದು. ಇವನನ್ನು ನಾನು ಕರೆದಿರಲಿಲ್ಲ. ಎಲ್ಲ ಊರಿಗೂ ಒಂದು ಒಳದಾರಿ ಗೊತ್ತಿದೆ ಎನ್ನುವ ಜಾತಿಯವನು. ಮನೆಯಲ್ಲಿ ಶಾರ್ಟ್‌ಕಟ್ ಎಂದೇ ಕರೆಯುತ್ತಾರೆ.

"ಭಾವ, ಹೈವೇ ಬೇಡ. ಈ ಕೆರೆ ಹಿಂದೆ ಒಂದು ಮಣ್ಣುರಸ್ತೆ ಇದೆ, ನಲವತ್ತು ನಿಮಿಷ ಉಳಿಯುತ್ತೆ."

"ಉಳಿದ ನಲವತ್ತು ನಿಮಿಷದಲ್ಲಿ ಏನ್ ಮಾಡ್ಬೇಕು?" ಎಂದಳು ಅಕ್ಕ.

"ರಿಲ್ಯಾಕ್ಸ್ ಆಗ್ಬೇಕು."

"ಹೋದ ಸಲ ನಿನ್ನ ಒಳದಾರೀಲಿ ಯಾರದೋ ಹಿತ್ತಲಿಗೆ ಹೋಗಿ ನಿಂತಿದ್ವಿ. ಅಜ್ಜಿ ಬಟ್ಟೆ ಒಣಗ್ಸೋದು ನೋಡ್ಕೊಂಡು ರಿಲ್ಯಾಕ್ಸ್ ಆದ್ವಿ."

ಇದೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಸಂಪಾದಕಿಗೆ ಇಷ್ಟವಾಗುವ ಹಾಗೆ, ಬೇಯಿಸಿದ ಮೊಟ್ಟೆ, ಫ್ಲಾಸ್ಕು, ಚಾಪೆ, ಎರಡು ಟೋಪಿ ಪಟ್ಟಿಗೆ ಸೇರಿದವು. ಆಗ ಮೆಕ್ಯಾನಿಕ್ ಹೆಂಡತಿಯ ಕಡೆ ತಿರುಗಿ ಹೇಳಿದ: "ನೀನೇ ಓಡ್ಸು ಕಣೇ."

"ನಾನು ಓಡ್ಸಲ್ಲ. ನೀವೇ ಓಡ್ಸಿ."

ನಾನು ಬರೆಯುವುದನ್ನು ನಿಲ್ಲಿಸಿದೆ. "ಒಂದ್ನಿಮಿಷ. ನೀವು ಮೆಕ್ಯಾನಿಕ್ಕು. ನೀವೇ ಓಡಿಸಬೇಕು. ನಾನು ಹಾಗೇ ಬರ್ಕೊಂಡಿದೀನಿ."

"ನೀವು ಬರ್ಕೊಂಡ್ರೆ ನಾನೇನ್ ಮಾಡ್ಲಿ ಸಾರ್? ವಾರವಿಡೀ ಗಾಡಿ ಜೊತೆ ಗುದ್ದಾಡ್ತೀನಿ. ಭಾನುವಾರಾನೂ ಅದನ್ನೇ ತಬ್ಕೊಂಡು ಕೂರ್ಲಾ? ಅಡುಗೆಯವನನ್ನ ಪಿಕ್ನಿಕ್ಕಿಗೆ ಕರ್ಕೊಂಡು ಹೋಗಿ ಒಲೆ ಹಚ್ಚು ಅಂದ ಹಾಗಾಯ್ತು."

ನ್ಯಾಯವಾದ ಮಾತು. ಅದನ್ನು ಬರೆದುಕೊಂಡೆ. ಅವನು ಭಾವಮೈದುನನ ಕಡೆ ತಿರುಗಿ, ನನಗೆ ಕೇಳಿಸಲೆಂದೇ, "ನೋಡು, ಇವರು ಕಥೇಲಿ ನನ್ನನ್ನ ಅವನು ಇವನು ಅಂತಾರೆ. ಸಂಪಾದಕಿ ಬಂದ್ರೆ ಮಾತ್ರ ಅವರು. ಬರೆಯೋರಿಗೂ ಭಯ ಇದೆ" ಎಂದ.

ಹೆಂಡತಿ ನಗಲಿಲ್ಲ. "ಅವರು ಓಡಿಸಿದ್ರೆ ಮಾತ್ರ ನಾನು ಬರ್ತೀನಿ" ಎಂದು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಎರಡು ದಿನದ ವಿಶ್ರಾಂತಿಗೆ ಇಷ್ಟು ಹಟವೇ? ಹಿಂದೆಯೇ ಹೋದೆ. ಪಾತ್ರ ಎದ್ದು ಹೋದಾಗ ಹಿಂದೆ ಓಡುವುದು ಬಿಟ್ಟರೆ ಈ ಕಸುಬಿನಲ್ಲಿ ಬೇರೆ ಮರ್ಯಾದೆಯ ದಾರಿಯಿಲ್ಲ.

೪

(ಇಲ್ಲಿಂದ ಕಥೆ ಲೈಟಾಗಿರುವುದಿಲ್ಲ. ಸಂಪಾದಕರು ಬೇಕಾದರೆ ನೇರವಾಗಿ ಆರಕ್ಕೆ ಹೋಗಬಹುದು.)

"ಓಡಿಸುವಾಗ ಅವರು ರಸ್ತೆ ನೋಡ್ಬೇಕು," ಎಂದಳು, ಲೋಟ ತೊಳೆಯುತ್ತಾ. "ನನ್ನ ಮುಖ ನೋಡೋಕಾಗಲ್ಲ. ಅದಕ್ಕೇ ಓಡ್ಸಲ್ಲ ಅಂತಿದಾರೆ. ಅದಕ್ಕೇ ನಾನು ಓಡ್ಸಿ ಅಂತಿದೀನಿ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗದವನ ಮುಖ ಮಾಡಿದೆ. ಅದಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ.

ಅವಳು ಹೇಳಿದ್ದು ಇದು. ಬ್ರೇಕ್ ಪ್ಯಾಡು ಸವೆದಾಗ ಒಂದು ಸಣ್ಣ ತಗಡು ತಾಗಿ ತೆಳ್ಳಗೆ ಕಿರುಗುಟ್ಟುತ್ತದೆ. ಹಾಗೆ ಎಚ್ಚರಿಸಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಎರಡು ತಿಂಗಳ ಹಿಂದೆ ಒಬ್ಬ ಮೇಷ್ಟ್ರು ಅಂಥ ಗಾಡಿ ತಂದಿದ್ದರು. ಮೆಕ್ಯಾನಿಕ್ ಕಣ್ಣು ಮುಚ್ಚಿ ನಿಂತು, "ಏನೂ ಸದ್ದಿಲ್ಲ, ಆರಾಮಾಗಿ ಹೋಗಿ ಸಾರ್" ಎಂದು ಕಳಿಸಿದ. ಮತ್ತೆ ಬಂದರು. ಮತ್ತೆ ಕಳಿಸಿದ. ಮೂರನೆಯ ಸಲ ಅವರು ಪಕ್ಕದ ಗ್ಯಾರೇಜಿಗೆ ಹೋದರು. ಪ್ಯಾಡಿನಲ್ಲಿ ಏನೂ ಉಳಿದಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಮೇಷ್ಟ್ರು ದಿನಾ ನಾಲ್ಕು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದದ್ದು ಅದೇ ಗಾಡಿಯಲ್ಲಿ.

"ಆಮೇಲೆ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ತಮಾಷೆಗೆ ಬನ್ನಿ ಅಂತ. ಪರೀಕ್ಷೆಗೆ ಬಂದೋರಿಗೆ ನಮ್ಮ ಕೈ ಕಾಣಿಸ್ಬಾರದು. ಮೊದಲನೇ ದಿನ ಹೇಳಿಕೊಡೋದೇ ಅದು. ಪಕ್ಕಕ್ಕೆ ತಿರುಗಿಸಿ ಕೂರಿಸ್ಬೇಕು. ಇಲ್ದಿದ್ರೆ ಸದ್ದು ಬಿಟ್ಟು ಕೈ ನೋಡಿ ಬಟನ್ ಒತ್ತುತ್ತಾರೆ. ಹದಿನೈದು ವರ್ಷ ಎಲ್ಲಾರನ್ನೂ ಪಕ್ಕಕ್ಕೇ ಕೂರಿಸಿದೀನಿ. ಇವರೊಬ್ಬರನ್ನ ಎದುರಿಗೆ ಕೂರಿಸ್ದೆ."

"ಯಾಕೆ?"

"ಯಾಕೆ ಅಂದ್ರೆ? ಹೆಡ್‌ಫೋನ್ ಹಾಕ್ಕೊಂಡು ಒಂದನೇ ಕ್ಲಾಸ್ ಮಕ್ಕಳ ಥರ ಕೈಕಟ್ಟಿ ಕೂತಿದ್ರು. ನೋಡೋಣ ಅನ್ನಿಸ್ತು."

ಗ್ರಾಫು ನೋಡಿದರೆ ಹದಿನೆಂಟರ ಹುಡುಗನ ಕಿವಿ. ಮೂವತ್ತು ವರ್ಷ ಗ್ರೈಂಡರ್, ಸುತ್ತಿಗೆಯ ಪಕ್ಕ ನಿಂತವನಿಗೆ! ಅವಳಿಗೆ ಅನುಮಾನ ಬಂತು. ಕೊನೆಯಲ್ಲಿ ಸದ್ದನ್ನು ಪೂರ್ತಿ ಬಂದ್ ಮಾಡಿ, ಸುಮ್ಮನೆ ಬೆರಳು ಆಡಿಸಿದಳು.

"ಒತ್ತಿದ್ರಾ?"

"ಒತ್ತಿದ್ರು. ನಗ್ತಾ ಒತ್ತಿದ್ರು."

ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ಹೇಳಿದ್ರೆ ಊರಲ್ಲಿ ಇಷ್ಟು ವರ್ಷ ಇದ್ದ ಕಿವಿ ಅನ್ನೋ ಮನುಷ್ಯ ಇರಲ್ಲ. ಹೇಳದಿದ್ರೆ ಇನ್ನೊಂದು ಗಾಡಿ ಬರುತ್ತೆ. ನಾನು ಹೇಳೋದಕ್ಕಿಂತ ಅವರಿಗೇ ಗೊತ್ತಾಗ್ಲಿ. ರಸ್ತೆ ನೋಡ್ಕೊಂಡು ಓಡಿಸ್ಲಿ, ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡ್ತಾ ಹೋಗ್ತೀನಿ. ಅದಕ್ಕೇ ಈ ನಿಮ್ಮ ಪ್ರವಾಸಕ್ಕೆ ಒಪ್ಪಿದ್ದು. ಹಸಿರು ನೋಡೋಕಲ್ಲ."

ನಾನು ಪಟ್ಟಿಯಿಂದ "ಹಸಿರು" ತೆಗೆದು ಹಾಕಿದೆ.

೫

ಗ್ಯಾರೇಜಿಗೆ ಹೋದೆ. ಎತ್ತಿ ನಿಲ್ಲಿಸಿದ ಕಾರಿನ ಕೆಳಗಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು. ಮೂರು ಸಲ ಕೂಗಿದೆ. ನಾಲ್ಕನೆಯ ಸಲ ಬೂಟಿಗೆ ತಟ್ಟಿದೆ.

"ಓ, ನೀವಾ! ಒಂದ್ಸಲ ಕೂಗ್ಬಾರ್ದಾ ಸಾರ್?"

ಹೊರಗೆ ಬಂದು ನನ್ನ ಎದುರಿಗೇ, ನನ್ನ ಬಾಯಿ ಚೆನ್ನಾಗಿ ಕಾಣುವಂತೆ ಸ್ಟೂಲು ಎಳೆದುಕೊಂಡು ಕುಳಿತ. ಯಾಕೆ ಓಡಿಸುವುದಿಲ್ಲ ಎಂದು ಕೇಳಿದೆ. ಅಡುಗೆಯವನ ಉಪಮೆಯನ್ನು ಮತ್ತೊಮ್ಮೆ ಹೇಳಿದ. ಮೊದಲ ಸಲವೇ ಚೆನ್ನಾಗಿತ್ತು ಎಂದೆ. ಸ್ವಲ್ಪ ಹೊತ್ತು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದ. ಮೊದಲೇ ಒರೆಸಿದ್ದ ಸ್ಪ್ಯಾನರು.

"ದಪ್ಪ ಸದ್ದೆಲ್ಲ ಕೇಳ್ಸುತ್ತೆ ಸಾರ್. ಟ್ಯಾಪೆಟ್ಟು, ಗೇರು, ಸೈಲೆನ್ಸರು, ಎಲ್ಲಾ. ತೆಳ್ಳಂದು ಬರ್ತಾ ಇಲ್ಲ. ಮೇಷ್ಟ್ರು ಗಾಡಿ ಮುಂದೆ ನಿಂತಾಗ ಅವರು 'ಈಗ, ಈಗ ಬಂತು' ಅಂತಿದಾರೆ, ನಂಗೆ ಗೋಡೆ. ಇಲ್ಲ ಅಂದ್ಬಿಟ್ಟೆ. ಕಿವಿ ಅಂತ ಕರೆಸ್ಕೊಂಡೋನು ಇನ್ನೇನನ್ನಲಿ?"

"ಮನೆಯಲ್ಲಿ ಹೇಳಿದ್ರಾ?"

"ಅವಳಿಗೆ ಗೊತ್ತಿಲ್ಲ. ಅವಳ ಪರೀಕ್ಷೇಲೇ ಪಾಸಾಗಿದೀನಲ್ಲ!" ಹೆಮ್ಮೆಯಿಂದ ನಕ್ಕ. "ಬೇಕಂತ ಮೋಸ ಮಾಡ್ಲಿಲ್ಲ ಸಾರ್. ಸದ್ದು ಕಳ್ಸೋ ಮುಂಚೆ ಅವಳ ಹುಬ್ಬು ಏರ್ತಿತ್ತು. ನಂಗೆ ಕೇಳಿಸ್ಲಿ ಅಂತ ಅವಳಿಗೇ ಅಷ್ಟು ಆಸೆ. ಆ ಮುಖ ನೋಡ್ಕೊಂಡು ಹೇಗೆ ಒತ್ತದೆ ಇರ್ಲಿ?"

ಅವಳು ಬೆರಳು ಎಂದಿದ್ದಳು. ಇವನು ಹುಬ್ಬು ಎನ್ನುತ್ತಾನೆ. ಗಾಜಿನ ಆಚೆ ಈಚೆ ಕುಳಿತವರಲ್ಲಿ ಯಾರು ಸರಿಯಾಗಿ ನೋಡಿದರು ಎಂದು ತೀರ್ಮಾನಿಸಲು ನಾನು ಅಲ್ಲಿರಲಿಲ್ಲ. ಬರೆದವನು ನಾನೇ, ಆದರೂ ಇರಲಿಲ್ಲ.

ಓದುಗರೇ, ಈಗ ನಮಗೆ ಎರಡೂ ಕಡೆಯದು ಗೊತ್ತು. ಅವರಿಗೆ ಒಂದೊಂದೇ ಕಡೆಯದು ಗೊತ್ತು. ದಯವಿಟ್ಟು ಬಾಯಿ ಬಿಡಬೇಡಿ. ಅವನಂತೂ ಕಥೆ ಓದುವುದಿಲ್ಲ. ಅದನ್ನು ಎರಡನೆಯ ಭಾಗ ಬರೆಯುವಾಗಲೇ ವಿಚಾರಿಸಿಕೊಂಡಿದ್ದೇನೆ.

೬

ಮುಕ್ತಾಯ ಹೇಗಿರಬೇಕು? ಮೂರು ಮಾಡಿ ಇಟ್ಟುಕೊಂಡೆ.

ಮುಕ್ತಾಯ ಅ: ಹಳ್ಳಿಗಾಡಿನ ಮಧ್ಯಾಹ್ನ, ಮರದ ನೆರಳು, ಚಾಪೆ. ಮರದ ತುಂಬ ಜೀರುಂಡೆಗಳು ಕಿವಿಗಡಚಿಕ್ಕುವಂತೆ ಕೂಗುತ್ತಿವೆ. ಅವನು "ಆಹಾ, ಎಂಥಾ ಮೌನ!" ಎನ್ನುತ್ತಾನೆ. ಅವಳು ಮರ ನೋಡಿ, ಅವನನ್ನು ನೋಡಿ, "ಹೌದು, ಎಂಥಾ ಮೌನ" ಎನ್ನುತ್ತಾಳೆ. (ಇದನ್ನು ಬರೆದು ನನಗೇ ಕಣ್ಣು ತುಂಬಿತು. ಹಾಗಾದಾಗಲೆಲ್ಲ ಅನುಮಾನಪಡಬೇಕು ಎಂದು ಅನುಭವ ಕಲಿಸಿದೆ.)

ಮುಕ್ತಾಯ ಆ: ದಾರಿಯಲ್ಲಿ ಅವಳು ಮೆಲ್ಲಗೆ "ಕಾರು ನಿಲ್ಲಿಸಿ" ಎನ್ನುತ್ತಾಳೆ. ಅವನು ನಿಲ್ಲಿಸುವುದಿಲ್ಲ. ಮತ್ತೆ ಹೇಳುತ್ತಾಳೆ. ನಿಲ್ಲಿಸುವುದಿಲ್ಲ. ಹೀಗೆ ಎರಡು ಪುಟ. ಕೊನೆಗೆ ಪೆಟ್ರೋಲು ಮುಗಿದು ಕಾರು ತಾನೇ ನಿಲ್ಲುತ್ತದೆ.

ಮುಕ್ತಾಯ ಇ: ಸಂಪಾದಕಿಗಾಗಿ. ಎಲ್ಲರೂ ಮೊಟ್ಟೆ ತಿನ್ನುತ್ತಾರೆ.

ಈ ಹೊತ್ತಿಗೆ ಶಾರ್ಟ್‌ಕಟ್ ಫೋನು ಮಾಡಿದ. "ಸಾರ್, ರೂಟ್ ಪ್ಲಾನು ಎಲ್ಲಿಗೆ ಬಂತು? ಇರೋದು ಕಳ್ಸಿ, ನಾನು ಒಂದ್ಸಲ ಕಣ್ಣಾಡಿಸ್ತೀನಿ." ಇದ್ದದ್ದನ್ನು ಕಳಿಸಿದೆ. ಇದ್ದದ್ದು ಎಂದರೆ ಒಂದರಿಂದ ಆರು, ಪೂರ್ತಿ.

ಅವನು ಓದಲಿಲ್ಲ. ಓದಿದ್ದರೆ ಎಷ್ಟೋ ವಾಸಿಯಿತ್ತು. ಫ್ಯಾಮಿಲಿ ಗ್ರೂಪಿಗೆ ಹಾಗೇ ದಾಟಿಸಿದ. ಕೆಳಗೆ ಒಂದು ಸಾಲು: "ನಾಳೆ ಟ್ರಿಪ್ಪಿಂದು ಡೀಟೇಲ್ಸು, ಎಲ್ಲರೂ ತಪ್ಪದೆ ಓದಿ."

೭

ಮೊದಲ ಫೋನು ಮೆಕ್ಯಾನಿಕ್ಕಿನದು. ನಾನು ಎತ್ತಲಿಲ್ಲ. ಎರಡನೆಯದು ಅವನ ಹೆಂಡತಿಯದು. ಅದನ್ನೂ ಎತ್ತಲಿಲ್ಲ. ಮೂರನೆಯದು ಸಂಪಾದಕಿಯದು; ಹೆದರಿ ಎತ್ತಿದೆ. "ಲೈಟಾಗಿ ಬರ್ತಿದ್ಯಾ ಸಾರ್?" "ಬಹಳ" ಎಂದೆ.

ನಾಲ್ಕನೆಯದು ಮತ್ತೆ ಮೆಕ್ಯಾನಿಕ್. ಎತ್ತಿದೆ.

"ಎಲ್ಲಾ ಓದ್ದೆ," ಎಂದ. ಆಮೇಲೆ: "ಸದ್ದು ಬಂದ್ ಮಾಡಿದ್ಲಂತೆ, ಹೌದಾ?"

"ಹೌದು."

"ನಾನು ನಗ್ತಾ ಒತ್ತಿದ್ನಂತೆ."

"ಹಾಗಂದ್ರು."

"ಎರಡು ತಿಂಗಳಿಂದ ಗೊತ್ತಿತ್ತು ಅವಳಿಗೆ." ನಾನು ಸಮಾಧಾನದ ಮಾತೊಂದನ್ನು ಹುಡುಕುತ್ತಿದ್ದೆ. ನನ್ನ ಹತ್ತಿರ ಇದ್ದದ್ದೆಲ್ಲ ವಿಶೇಷಾಂಕದ ಮಾತುಗಳು. ಅಷ್ಟರಲ್ಲಿ ಅವನ ದನಿ ಏರಿತು. "ಅಲ್ಲ ಸಾರ್, ಆ ಜೀರುಂಡೆ ಸೀನು ಯಾಕೆ? ಹುಳದ ಸದ್ದು ಕೇಳಿಸದೆ ಹೋದ್ರೆ ನಂಗೇನು ನಷ್ಟ? ನಾನೇನು ಹುಳ ರಿಪೇರಿ ಮಾಡ್ತೀನಾ? ನಂಗೆ ಬೇಕಾಗಿರೋದು ಬ್ರೇಕಿನ ಸದ್ದು. ಅದನ್ನ ಬಿಟ್ಟು ಮರ, ಚಾಪೆ ಅಂತೀರಿ. ಮತ್ತೆ ಆ ಎರಡನೇದು. ಟ್ಯಾಂಕು ಖಾಲಿ ಇಟ್ಕೊಂಡು ಹೊರಡೋ ಮೆಕ್ಯಾನಿಕ್ಕನ್ನ ಎಲ್ಲಿ ನೋಡಿದೀರಿ?"

"ತಪ್ಪಾಯ್ತು. ತೆಗೀತೀನಿ."

"ಮೂರನೇದು ಪರವಾಗಿಲ್ಲ," ಎಂದು ಇಟ್ಟುಬಿಟ್ಟ.

ಹೆಂಡತಿಗೆ ನಾನೇ ಫೋನು ಮಾಡಿದೆ. ಅವಳು ಬೈಯಲಿಲ್ಲ. "ನನ್ನ ಹುಬ್ಬು ಏರುತ್ತಂತಾ?" ಎಂದು ಒಂದೇ ಮಾತು ಕೇಳಿದಳು. ಏರುತ್ತದಂತೆ ಎಂದೆ. "ಹದಿನೈದು ವರ್ಷದಿಂದ ಎಲ್ಲಾರ ಮುಂದೂ ಏರ್ತಿತ್ತಾ, ಇವರ ಮುಂದೆ ಮಾತ್ರಾನಾ? ಇನ್ಮೇಲೆ ನಾನು ಕೆಲಸ ಹೇಗೆ ಮಾಡ್ಲಿ?" ಇನ್ನೊಬ್ಬರ ಕೆಲಸವನ್ನೂ ಕೆಡಿಸಿದೆ ಎಂದು ಗೊತ್ತಾದದ್ದು ಆಗ.

ಆ ಸಂಜೆ ಅವರಿಬ್ಬರೂ ಮನೆಯಲ್ಲಿ ಏನು ಮಾತಾಡಿಕೊಂಡರು ಎಂದು ನೀವು ಕೇಳಬಹುದು. ಬಾಗಿಲು ಹಾಕಿಕೊಂಡಿದ್ದರು. ಬರಹಗಾರನಿಗೆ ಬಾಗಿಲು ಒಂದು ಅಡ್ಡಿಯೇ ಎಂದು ನಗಬಹುದು. ಅಷ್ಟು ಆದಮೇಲೆ ತಟ್ಟುವ ಮುಖ ನನಗಿರಲಿಲ್ಲ.

೮

ಭಾನುವಾರ ಬೆಳಿಗ್ಗೆ ಏಳೂವರೆ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಗೇಟಿನ ಮುಂದೆ ಕಾರು ನಿಂತಿತ್ತು. ಶಾರ್ಟ್‌ಕಟ್ ಬರಲಿಲ್ಲ, ಅವನಿಗೆ ಇದ್ದಕ್ಕಿದ್ದಂತೆ ಜ್ವರ. ನಾನು ಹಿಂದಿನ ಸೀಟಿನಲ್ಲಿ, ಚಾಪೆಗೂ ಮೊಟ್ಟೆಯ ಡಬ್ಬಿಗೂ ನಡುವೆ, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕುಳಿತೆ. ಯಾರು ಓಡಿಸಬೇಕು ಎಂದು ನಾನು ಬರೆದಿರಲಿಲ್ಲ. ಬರೆಯುವ ಧೈರ್ಯವೂ ಇರಲಿಲ್ಲ. ಮೆಕ್ಯಾನಿಕ್ ಯಾರನ್ನೂ ಕೇಳದೆ ಹೋಗಿ ಸ್ಟೇರಿಂಗ್ ಹಿಡಿದು ಕುಳಿತ. ಅವಳು ಪಕ್ಕದ ಸೀಟಿಗೆ ಬಂದು ಬೆಲ್ಟು ಹಾಕಿಕೊಂಡಳು.

ಎಂಜಿನ್ ಶುರುವಾಯಿತು. ಗೇರು ಹಾಕಲಿಲ್ಲ. ಅವಳ ಕಡೆ ತಿರುಗಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಎದುರಿನ ಗಾಜಿನಲ್ಲಿ ಖಾಲಿ ರಸ್ತೆಯನ್ನು ನೋಡುತ್ತಾ ಕೇಳಿದ:

"ಏನಾದ್ರೂ ಸದ್ದು ಬರ್ತಿದ್ಯಾ?"

ಮೂವತ್ತು ವರ್ಷ ಊರೆಲ್ಲ ಅವನನ್ನು ಕೇಳಿದ ಪ್ರಶ್ನೆ ಅದು. ಅವನು ಇನ್ನೊಬ್ಬರನ್ನು ಕೇಳಿದ್ದನ್ನು ಅವಳು ಕಂಡಿರಲಿಲ್ಲ. ಅವನ ಕೆನ್ನೆಯನ್ನು ಒಂದು ಕ್ಷಣ ನೋಡಿದಳು.

"ಬರ್ತಿದೆ," ಎಂದಳು, ಸ್ವಲ್ಪ ಗಟ್ಟಿಯಾಗಿಯೇ.

"ಎಂಥದು?"

"ತೆಳ್ಳಗೆ. ಆರು ಸಾವಿರ ಹರ್ಟ್ಸ್ ಹತ್ರ ಇರ್ಬೇಕು."

"ಆರು ಸಾವಿರ ಇಟ್ಕೊಂಡು ನಾನೇನ್ ಮಾಡ್ಲಿ? ಎಲ್ಲಿಂದ ಬರ್ತಿದೆ ಹೇಳು."

"ಮುಂದುಗಡೆಯಿಂದ. ಅಲ್ಲ, ನಿಮ್ಮ ಕಾಲ ಹತ್ರ... ತಾಳ್ರೀ, ಅವಸರ ಮಾಡ್ಬೇಡಿ."

"ಒಂದೇ ಸಮ ಬರ್ತಿದ್ಯಾ, ಬಿಟ್ಟು ಬಿಟ್ಟು ಬರ್ತಿದ್ಯಾ?"

"ಬಿಟ್ಟು ಬಿಟ್ಟು."

"ಈಗ ಆಕ್ಸಿಲರೇಟರ್ ಒತ್ತುತ್ತೀನಿ. ಜಾಸ್ತಿ ಆಯ್ತಾ?"

"ಇನ್ನೊಂದ್ಸಲ ಒತ್ತಿ."

ಒತ್ತಿದ. ಅವಳು ಕಣ್ಣು ಮುಚ್ಚಿದಳು.

"ಮಾಡಿ ತೋರ್ಸು," ಎಂದ.

"ಏನನ್ನ?"

"ಆ ಸದ್ದನ್ನ. ದಪ್ಪ ಗಂಟಲಲ್ಲಿ ಮಾಡು, ನಂಗೆ ಕೇಳ್ಸೋ ಹಾಗೆ."

ಅವಳು ಗಂಟಲು ಸರಿಮಾಡಿಕೊಂಡು, ದನಿಯನ್ನು ಆದಷ್ಟು ಕೆಳಗಿಳಿಸಿ, "ಕಿರ್ರ್... ಕಿರ್... ಕಿರ್ರ್" ಎಂದಳು. ಎದುರು ಮನೆಯವರು ಪೇಪರ್ ಇಳಿಸಿ ನೋಡಿದರು. ಅವನು ತಲೆ ವಾಲಿಸಿದ. "ಫ್ಯಾನ್ ಬೆಲ್ಟಾ? ಬೆಲ್ಟಾದ್ರೆ ಹಾಗೆ ಬಿಟ್ಟು ಬಿಟ್ಟು ಬರಲ್ಲ. ಕೊನೇಲಿ ಎಳೆಯುತ್ತಾ, ಪಟ್ಟಂತ ನಿಲ್ಲುತ್ತಾ? ಸರಿಯಾಗಿ ಕೇಳು."

ಹಿಂದಿನ ಸೀಟಿನಲ್ಲಿ ನನ್ನ ಬೆರಳಿಗೆ ಜೀವ ಬಂತು. ಇದೇ, ಇದೇ ಮುಕ್ತಾಯ! ಇದನ್ನು ಬಿಟ್ಟರೆ ಇನ್ನೊಂದು ಸಿಗುವುದಿಲ್ಲ. "ಎರಡು ಕಿವಿಗಳು ಸೇರಿ ಒಂದು ಕಾರನ್ನು ಹೇಗೆ..." ಎಂದು ಆರಂಭವಾಗಿ, ದಾಂಪತ್ಯ, ದಾರಿ, ಮೌನ ಎಲ್ಲವನ್ನೂ ಬಳಸಿ ಬಂದು, ಎಲ್ಲೋ ದೂರದ ಹಸಿರಿನಲ್ಲಿ ಇಳಿಯಬಹುದಾದ ಒಂದು ಉದ್ದನೆಯ ವಾಕ್ಯವನ್ನು ಬಡಿಯತೊಡಗಿದೆ.

"ಸಾರ್," ಎಂದ ಮೆಕ್ಯಾನಿಕ್, ಕನ್ನಡಿಯಲ್ಲಿ ನನ್ನನ್ನು ನೋಡಿ. "ಹಿಂದೆ ಅದೇನು ಬಡೀತಿದೀರಿ? ಸ್ವಲ್ಪ ನಿಲ್ಸಿ. ಅವಳಿಗೆ ಕೇಳಿಸ್ಬೇಕು."

"ಇದೊಂದು ವಾಕ್ಯ ಮುಗಿಸಿಬಿಡ್ತೀನಿ," ಎಂದೆ.

"ಮುಗಿಸೋದೇನೂ ಬೇಡ ಸಾರ್. ನಿಲ್ಸಿ, ಸಾಕು."